ಇಡ್ಲಿ ಕಂಡುಹಿಡಿದವರು ಹೋಟೆಲು ಇಡಲಿಲ್ಲ

ಸ್ವಂತ ದುಡಿಮೆಯೊಂದನ್ನು ಆರಂಭಿಸಬೇಕೆಂದು ಹೊರಟವರಿಗೆ ಎಲ್ಲ ಕಡೆಯಿಂದಲೂ ಎದುರಾಗುವ ಪ್ರಶ್ನೆ ಒಂದೇ: ‘ಇದರಲ್ಲಿ ಹೊಸದೇನಿದೆ?’ ಸಾಲ ಕೊಡಬೇಕಾದ ಬ್ಯಾಂಕಿನ ಮ್ಯಾನೇಜರು ಅದನ್ನು ಕೇಳುತ್ತಾರೆ, ಹೆಣ್ಣು ಕೊಟ್ಟ ಮಾವನೂ ಕೇಳುತ್ತಾರೆ. ಬೀದಿಯಲ್ಲಿ ಹತ್ತು ಅಂಗಡಿಗಳಿರುವಾಗ ಹನ್ನೊಂದನೆಯದಕ್ಕೆ ಯಾರು ಬರುತ್ತಾರೆ ಎಂಬುದು ಅವರ ಚಿಂತೆ. ಈ ಪ್ರಶ್ನೆಗೆ ಅಂಜಿ, ಯಾರಿಗೂ ಹೊಳೆಯದ ಯೋಚನೆಯೊಂದು ತಮಗೆ ಹೊಳೆಯಲೆಂದು ಕಾಯುತ್ತಲೇ ವಯಸ್ಸು ಕಳೆದವರು ಎಷ್ಟೋ ಮಂದಿ. ಇದಕ್ಕೆ ವಿರುದ್ಧವಾಗಿ, ಎದುರಿನವನ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆಯೆಂದು ಅಂಥದ್ದೇ ಇನ್ನೊಂದು ಅಂಗಡಿ ತೆರೆದು, ಎರಡೇ ವರ್ಷದಲ್ಲಿ ಹೆಂಡತಿಯ ಒಡವೆಯನ್ನೂ ಕಳೆದುಕೊಂಡು ಬಾಗಿಲು ಹಾಕಿದವರೂ ಉಂಟು.

ಹಾಗಾದರೆ ಉದ್ಯಮಕ್ಕೆ ಬೇಕಾದುದು ಹೊಸ ಕಲ್ಪನೆಯೆ, ಅಥವಾ ಇದ್ದುದನ್ನೇ ಹಸನು ಮಾಡುವ ಜಾಣ್ಮೆಯೆ? ಇದನ್ನು ಒರೆಗೆ ಹಚ್ಚಿ ನೋಡಲು ಕನ್ನಡಿಗರಿಗೆ ದೂರ ಹೋಗಬೇಕಾಗಿಲ್ಲ. ದಿನ ಬೆಳಗಾದರೆ ನಾವು ಹೊಕ್ಕು ಹೊರಬರುವ ಉಡುಪಿ ಹೋಟೆಲಿನ ಕಥೆಯೇ ಸಾಕು. ಸುಮಾರು ನೂರು ವರ್ಷಗಳಿಂದ ಸಾವಿರಾರು ಮಂದಿ ಮಾರಿಕೊಂಡು ಬಂದಿರುವುದು ಅದೇ ಇಡ್ಲಿ, ಅದೇ ದೋಸೆ, ಅದೇ ಕಾಫಿ. ತಿಂಡಿಯ ಪಟ್ಟಿಯಲ್ಲಿ ಗುಟ್ಟೆಂಬುದೇ ಇಲ್ಲ. ಆದರೂ ಕೆಲವರು ಬೆಳೆದರು, ಕೆಲವರು ಅಳಿದರು. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿದರೆ ನಮ್ಮ ಪ್ರಶ್ನೆಗೂ ಉತ್ತರ ಸಿಕ್ಕೀತು.

ಇಡ್ಡಲಿಗೆಯಿಂದ ಇಡ್ಲಿಗೆ

ಮೊದಲು ತಟ್ಟೆಯಲ್ಲಿರುವ ಪದಾರ್ಥವನ್ನೇ ನೋಡೋಣ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ವಿಧಾನವೂ ಇದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ಅರೆದು, ಮೊಸರಿನ ತಿಳಿ ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಕೂಡಿಸುವುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲೂ ಇದರ ಪ್ರಸ್ತಾಪವಿದೆ.

ಆದರೆ ಆಹಾರದ ಇತಿಹಾಸ ಬರೆದ ವಿಜ್ಞಾನಿ ಕೆ.ಟಿ. ಅಚ್ಚಯ ಅವರು ಒಂದು ಮುಖ್ಯ ಸಂಗತಿಯತ್ತ ಬೆರಳು ತೋರಿಸಿದರು. ಇಂದಿನ ಇಡ್ಲಿಯ ಮೂರು ಲಕ್ಷಣಗಳು, ಎಂದರೆ ಅಕ್ಕಿ ಬೆರೆಸುವುದು, ಹಿಟ್ಟನ್ನು ರಾತ್ರಿಯೆಲ್ಲ ಹುಳಿ ಬರಿಸುವುದು, ಹಬೆಯಲ್ಲಿ ಬೇಯಿಸುವುದು, ಈ ಹಳೆಯ ವಿವರಣೆಗಳಲ್ಲಿ ಕಾಣುವುದಿಲ್ಲ. ಇವು ಆಮೇಲೆ ಒಂದೊಂದಾಗಿ ಸೇರಿಕೊಂಡವು. ಹಬೆಯ ವಿಧಾನ ಇಂಡೊನೇಷ್ಯದ ಕಡೆಯಿಂದ ಬಂದಿರಬಹುದೆಂದು ಅವರು ಊಹಿಸಿದ್ದೂ ಉಂಟು. ಅದು ಊಹೆಯಷ್ಟೆ. ಅಕ್ಕಿ ಬೆರೆಸಿದ ಮೊದಲ ಕೈ ಯಾರದು, ಹಿಟ್ಟು ಉಬ್ಬಲೆಂದು ರಾತ್ರಿ ಮುಚ್ಚಿಟ್ಟ ಗೃಹಿಣಿ ಯಾರು ಎಂಬುದನ್ನು ಯಾವ ಶಾಸನವೂ ಕೆತ್ತಲಿಲ್ಲ. ನಾವು ‘ಮೂಲ’ವೆಂದು ಭಾವಿಸುವ ಇಡ್ಲಿಯೇ ತಿದ್ದುಪಡಿಗಳ ಮೇಲೆ ತಿದ್ದುಪಡಿಯಾಗಿ ಬಂದ ಪದಾರ್ಥ.

ಹೊಸದಾಗಿದ್ದುದು ತಿಂಡಿಯಲ್ಲ, ಮಾರಾಟ

ಉಡುಪಿಯ ಅಡುಗೆಗೆ ಹೆಸರು ಬಂದುದು ಅಲ್ಲಿನ ಕೃಷ್ಣಮಠದಿಂದ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ನೆಲೆಗೊಳಿಸಿದ ಈ ಕ್ಷೇತ್ರದಲ್ಲಿ ಎಂಟು ಮಠಗಳು ಎರಡೆರಡು ವರ್ಷಕ್ಕೊಮ್ಮೆ ಸರದಿಯ ಮೇಲೆ ಪೂಜೆಯನ್ನೂ ಅನ್ನಸಂತರ್ಪಣೆಯನ್ನೂ ನಡೆಸಿಕೊಂಡು ಬಂದಿವೆ. ಸಾವಿರಾರು ಎಲೆಗಳಿಗೆ ಒಂದೇ ರುಚಿಯಲ್ಲಿ, ಹೊತ್ತಿಗೆ ಸರಿಯಾಗಿ ಬಡಿಸಬೇಕಾದರೆ ಕೈಯಳತೆ ಪಳಗಿರಬೇಕು. ಆ ವಿದ್ಯೆ ಸುತ್ತಲಿನ ಅಡುಗೆಯವರಲ್ಲಿ ತಲೆಮಾರುಗಳಿಂದ ಇತ್ತು. ಆದರೆ ಅನ್ನವನ್ನು ಮಾರುವುದು ಗೌರವದ ಕೆಲಸವೆಂದು ಆಗ ಯಾರೂ ತಿಳಿದಿರಲಿಲ್ಲ.

ಹೊಟ್ಟೆಪಾಡು ಅವರನ್ನು ಊರು ಬಿಡಿಸಿತು. ಕರಾವಳಿಯ ಸಣ್ಣ ಹಿಡುವಳಿಗಳು ಮನೆ ತುಂಬ ಮಕ್ಕಳಿರುವ ಸಂಸಾರಗಳಿಗೆ ಸಾಲುತ್ತಿರಲಿಲ್ಲ. ಅದರ ಮೇಲೆ 1923ರಲ್ಲಿ ದಕ್ಷಿಣ ಕನ್ನಡವನ್ನು ಮುಳುಗಿಸಿದ ನೆರೆ ಬಂತು. ತುಳುವಿನಲ್ಲಿ ಇಂದಿಗೂ ಅದಕ್ಕೆ ‘ಮಾರಿ ಬೊಳ್ಳ’ವೆಂದೇ ಹೆಸರು. ಘಟ್ಟ ಹತ್ತಿದವರು ಬೆಂಗಳೂರು, ಮದರಾಸುಗಳತ್ತ ಹೋದರು. ಹಡಗು ಹತ್ತಿದವರು ಮುಂಬಯಿಗೆ ಹೋದರು.

ಆ ನಗರಗಳಲ್ಲಿ ಒಂದು ಹೊಸ ಬಗೆಯ ಜನ ತುಂಬಿಕೊಳ್ಳುತ್ತಿದ್ದರು. ಓದಲು ಬಂದ ಹುಡುಗರು, ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರು, ಕೋರ್ಟು ಕಚೇರಿ ಕೆಲಸಕ್ಕೆ ಬಂದುಹೋಗುವ ಹಳ್ಳಿಗರು. ಇವರಿಗೆಲ್ಲ ಮನೆಯಲ್ಲಿ ಸಿಗುವಂಥ ಊಟ ಬೇಕಾಗಿತ್ತು, ಮನೆ ಮಾತ್ರ ಇರಲಿಲ್ಲ. ಉಡುಪಿಯವರು ಕಂಡುಕೊಂಡದ್ದು ಇದನ್ನು. ಇಡ್ಲಿ ಹಳೆಯದು, ಸಾರು ಹಳೆಯದು, ಹಸಿವಂತೂ ಎಲ್ಲಕ್ಕಿಂತ ಹಳೆಯದು. ಮನೆಯ ತಿಂಡಿಯನ್ನು ಮನೆಯಿಲ್ಲದವನಿಗೆ ಕೈಗೆಟಕುವ ಬೆಲೆಯಲ್ಲಿ ಕೊಡುವ ಏರ್ಪಾಡಷ್ಟೇ ಹೊಸದಾಗಿತ್ತು. ಮುಂಬಯಿಯ ಮಾಟುಂಗದಲ್ಲಿ ಎ. ರಾಮನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟಕ್ಕೆ ದಕ್ಷಿಣದವರು ಸಾಲುಗಟ್ಟಿದ್ದರ ಗುಟ್ಟೂ ಇದೇ.

ದೇಶ ಸುತ್ತಿ ಬಂದ ಮಯ್ಯರು

ಉಡುಪಿ ಜಿಲ್ಲೆಯ ಪಾರಂಪಳ್ಳಿಯಿಂದ ಅಡುಗೆ ಕೆಲಸ ಹುಡುಕಿ ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ‘ಬ್ರಾಹ್ಮಣರ ಕಾಫಿ ಕ್ಲಬ್’ ಎಂಬ ಪುಟ್ಟ ಹೋಟೆಲನ್ನು ತೆರೆದರು. ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಂದರೆ ಎಂಟಿಆರ್, ಎಂದು ಮನೆಮಾತಾದದ್ದು ಇದೇ. ಆರಂಭದಲ್ಲಿ ಇದಕ್ಕೂ ಊರಿನ ಇತರ ಕಾಫಿ ಕ್ಲಬ್‌ಗಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

ಅಂತರ ಬಂದುದು ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರ ಕಾಲದಲ್ಲಿ. ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ಅವರು ಅಕ್ಷರಶಃ ಪಾಲಿಸಿದರು. 1951ರಲ್ಲಿ ಅವರು ಯುರೋಪಿನ ಪ್ರವಾಸ ಕೈಗೊಂಡು ಅಲ್ಲಿನ ಹೋಟೆಲುಗಳು ನಡೆಯುವ ಬಗೆಯನ್ನು ನೋಡಿ ಬಂದರು. ಅಲ್ಲಿಂದ ಅವರು ತಂದುದು ಯಾವ ತಿಂಡಿಯ ಪಾಕವನ್ನೂ ಅಲ್ಲ, ಶುಚಿತ್ವದ ಶಿಸ್ತನ್ನು. ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕ್ರಮ ಬಂತು. ಅಡುಗೆಮನೆಯನ್ನು ಗಿರಾಕಿಗಳು ಕಣ್ಣಾರೆ ನೋಡಬಹುದಾಯಿತು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ ಹೋಟೆಲಿನ ಹೆಸರೂ ಬದಲಾಯಿತು.

ಇದನ್ನು ನಕಲು ಎನ್ನಬೇಕೆ? ಯುರೋಪಿನಲ್ಲಿ ಪಾತ್ರೆಗಳನ್ನು ಬಿಸಿನೀರಿನಲ್ಲಿ ತೊಳೆಯುವುದು ಯಾರ ಸ್ವತ್ತೂ ಆಗಿರಲಿಲ್ಲ. ಅದನ್ನು ಅಲ್ಲಿ ಕಂಡ ಭಾರತೀಯರೂ ಸಾವಿರಾರು ಮಂದಿ ಇದ್ದಿರಬೇಕು. ಆದರೆ ‘ಹೋಟೆಲಿನಲ್ಲಿ ತಿಂದರೆ ಹೊಟ್ಟೆ ಕೆಡುತ್ತದೆ’ ಎಂಬ ನಮ್ಮ ಜನರ ಅಂಜಿಕೆಗೆ ಅದರಲ್ಲಿ ಮದ್ದಿದೆಯೆಂದು ಕಂಡು, ದಿನವೂ ಬೆಳಗಿನ ಜಾವದಿಂದ ಅದನ್ನು ನಡೆಸಿಕೊಂಡು ಬರುವುದು ಬೇರೆಯೇ ಕೆಲಸ. ನೋಡುವುದು ಒಂದು ಗಳಿಗೆಯದು, ನಡೆಸುವುದು ನಿತ್ಯದ್ದು.

ಕೈತಪ್ಪಿದ ಆವಿಷ್ಕಾರ

ಇದೇ ಹೋಟೆಲಿನಲ್ಲಿ ನಿಜಕ್ಕೂ ಹೊಸದೆನ್ನಬಹುದಾದ ಒಂದು ಪದಾರ್ಥವೂ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ದಕ್ಷಿಣ ಭಾರತದಲ್ಲಿ ಅಕ್ಕಿಗೆ ಹಾಹಾಕಾರವೆದ್ದಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಗೋಧಿಯ ರವೆಯನ್ನು ಹುರಿದು, ಮೊಸರಿನಲ್ಲಿ ಕಲಸಿ, ಒಗ್ಗರಣೆ ಕೊಟ್ಟು ಹಬೆಯಲ್ಲಿ ಬೇಯಿಸಿ ನೋಡಿದರು. ರವೆ ಇಡ್ಲಿಯ ಹುಟ್ಟಿನ ಬಗ್ಗೆ ಎಂಟಿಆರ್ ಹೇಳಿಕೊಂಡು ಬಂದಿರುವ ವೃತ್ತಾಂತ ಇದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಹೊಸದನ್ನು ಮಾಡಬೇಕೆಂಬ ಹಂಬಲದಿಂದ ಇದು ಹುಟ್ಟಲಿಲ್ಲ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಇಕ್ಕಟ್ಟಿನಿಂದ ಹುಟ್ಟಿತು. ಎರಡನೆಯದು, ಹುಟ್ಟಿದ ಮೇಲೆ ಅದು ಹುಟ್ಟಿಸಿದವರ ಕೈಯಲ್ಲಿ ಉಳಿಯಲಿಲ್ಲ. ಇಂದು ರವೆ ಇಡ್ಲಿ ಮಾಡದ ಹೋಟೆಲು ಕರ್ನಾಟಕದಲ್ಲಿ ಅಪರೂಪ. ಮಾಡುವವರು ಯಾರೂ ಲಾಲ್‌ಬಾಗ್ ರಸ್ತೆಗೆ ರಾಯಧನ ಕಟ್ಟುವುದಿಲ್ಲ.

ಕಾನೂನು ಕೂಡ ಇಂಥ ಕಡೆ ಹೆಚ್ಚು ಆಸರೆ ಕೊಡುವುದಿಲ್ಲ. 1970ರ ನಮ್ಮ ಪೇಟೆಂಟ್ ಕಾಯ್ದೆಯ ಪ್ರಕಾರ, ಬೆರೆಸಿದ ಪದಾರ್ಥಗಳ ಗುಣಗಳ ಮೊತ್ತವನ್ನು ಬಿಟ್ಟು ಬೇರೇನನ್ನೂ ಕೊಡದ ಬರಿಯ ಬೆರಕೆ ಆವಿಷ್ಕಾರವೆನಿಸದು. ಹೋಟೆಲಿನವರು ತಮ್ಮ ಹೆಸರನ್ನು, ಗುರುತಿನ ಚಿಹ್ನೆಯನ್ನು ನೋಂದಾಯಿಸಿ ಕಾಪಾಡಿಕೊಳ್ಳಬಹುದು. ಇಡ್ಲಿಯ ಮೇಲೆ ಹಕ್ಕು ಸಾಧಿಸುವುದು ಕಷ್ಟ. ಹೊಸ ತಿಂಡಿ ಕಂಡುಹಿಡಿದರೆ ಜೀವಮಾನಕ್ಕೆ ಸಾಕು ಎಂದು ನಂಬಿ ಬಂಡವಾಳ ಹಾಕುವವರು ಇದನ್ನು ಮೊದಲೇ ತಿಳಿದಿರುವುದು ಲೇಸು.

ಆದರೂ ರವೆ ಇಡ್ಲಿ ತನ್ನ ಮನೆಗೆ ಇನ್ನೊಂದು ದಾರಿಯಲ್ಲಿ ಉಪಕಾರ ಮಾಡಿತು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಸರ್ಕಾರ ತೀರ ಕೆಳಗಿಳಿಸಿತು. ಆ ಬೆಲೆಗೆ ಹಿಂದಿನ ಗುಣಮಟ್ಟ ಉಳಿಸಿಕೊಳ್ಳಲಾಗದೆ ಎಂಟಿಆರ್ ಹೋಟೆಲಿನ ಬಾಗಿಲು ಮುಚ್ಚಬೇಕಾಯಿತು. ಕೆಲಸದವರನ್ನು ಏನು ಮಾಡುವುದು? ಪಕ್ಕದಲ್ಲೇ ಪುಡಿಗಳನ್ನೂ ತಿಂಡಿಯ ಸಿದ್ಧ ಮಿಶ್ರಣಗಳನ್ನೂ ಪೊಟ್ಟಣ ಕಟ್ಟಿ ಮಾರುವ ಕೆಲಸ ಬೆಳೆಯಿತು. ಅಕ್ಕಿಯ ಇಡ್ಲಿಗೆ ನೆನೆಹಾಕಬೇಕು, ರುಬ್ಬಬೇಕು, ರಾತ್ರಿಯೆಲ್ಲ ಕಾಯಬೇಕು. ರವೆ ಇಡ್ಲಿಗೆ ಇವು ಯಾವುವೂ ಬೇಡ. ಒಣ ಮಿಶ್ರಣವನ್ನು ಮನೆಗೆ ಒಯ್ದು ಮೊಸರಿನಲ್ಲಿ ಕಲಸಿದರೆ ಸಾಕು. ಯುದ್ಧಕಾಲದ ಅಭಾವಕ್ಕೆ ಕಂಡುಕೊಂಡ ಉಪಾಯ ಶಾಂತಿಕಾಲದ ಪೊಟ್ಟಣಕ್ಕೆ ಹೇಳಿ ಮಾಡಿಸಿದಂತಿತ್ತು. ಹೋಟೆಲು 1984ರಲ್ಲಿ ಮತ್ತೆ ತೆರೆಯಿತು. ಸಿದ್ಧ ಆಹಾರದ ಉದ್ಯಮವೋ ಬೆಳೆದು, 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಹೋಟೆಲು ಮನೆತನದಲ್ಲೇ ಉಳಿಯಿತು.

ಲೋಟ ತೊಳೆಯುವವನ ವಿಶ್ವವಿದ್ಯಾಲಯ

ಉಡುಪಿ ಹೋಟೆಲುಗಳು ಇಷ್ಟು ಬೇಗ ಹರಡಿದ್ದು ಹೇಗೆ? ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದರಿಂದ. ಊರಿನಿಂದ ಬಂದ ಹುಡುಗ ಮೊದಲು ಲೋಟ ತೊಳೆಯುವ ಕ್ಲೀನರು. ಆಮೇಲೆ ಸಪ್ಲೈಯರು, ಎಂದರೆ ಎಲ್ಲರ ಬಾಯಲ್ಲಿ ‘ಮಾಣಿ’. ಕೈ ಪಳಗಿದರೆ ಒಲೆಯ ಮುಂದೆ, ನಂಬಿಕೆ ಗಳಿಸಿದರೆ ಗಲ್ಲಾದ ಮೇಲೆ. ಕೊನೆಗೆ ನಾಲ್ಕು ಕಾಸು ಕೂಡಿಸಿ, ಎಷ್ಟೋ ವೇಳೆ ಹಳೆಯ ಧಣಿಯ ನೆರವಿನಿಂದಲೇ, ಇನ್ನೊಂದು ಬೀದಿಯಲ್ಲಿ ತನ್ನದೇ ಹೋಟೆಲು. ಮದರಾಸಿನ ಕೆ. ಕೃಷ್ಣರಾಯರು ಹೀಗೆ ಅಡುಗೆಮನೆಯ ಕೆಳಗಿನ ಮೆಟ್ಟಿಲಿನಿಂದ ಮೇಲೆ ಬಂದವರು. 1938ರಲ್ಲಿ ಅವರು ರಾಯಪೇಟೆಯಲ್ಲಿದ್ದ ರಾಮನಾಡಿನ ರಾಜರ ಬಂಗಲೆಯನ್ನು ಗುತ್ತಿಗೆಗೆ ಹಿಡಿದು ಹೋಟೆಲು ತೆರೆದರು. ಬಂಗಲೆಯ ಹೆಸರು ‘ವುಡ್‌ಲ್ಯಾಂಡ್ಸ್’ ಎಂದಿತ್ತು. ಅದೇ ಹೆಸರು ಹೋಟೆಲಿಗೂ ಅಂಟಿಕೊಂಡಿತು. ಹೆಸರು ಕೂಡ ಎರವಲು! 1962ರಲ್ಲಿ ಅಮೆರಿಕದವರ ಮಾದರಿಯಲ್ಲಿ, ಕಾರಿನಲ್ಲೇ ಕುಳಿತು ತಿನ್ನಬಹುದಾದ ‘ಡ್ರೈವ್-ಇನ್’ ಹೋಟೆಲನ್ನೂ ಅವರು ಅಲ್ಲಿನ ಕೆಥೀಡ್ರಲ್ ರಸ್ತೆಯಲ್ಲಿ ತೆರೆದರು. 2008ರಲ್ಲಿ ಮುಚ್ಚುವವರೆಗೂ ಅದು ಆ ಊರಿನವರ ಅಚ್ಚುಮೆಚ್ಚಿನ ತಾಣವಾಗಿತ್ತು.

ಈ ಏಣಿಯನ್ನು ಹಾಡಿ ಹೊಗಳುವಾಗ ಅದರ ಕೆಳಗಿನ ಕತ್ತಲೆಯನ್ನು ಮರೆಯಬಾರದು. ಎಳೆಯ ಹುಡುಗರು ಶಾಲೆ ಬಿಟ್ಟು ಬಂದು, ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿ, ರಾತ್ರಿ ಮೇಜುಗಳ ನಡುವೆಯೇ ಮಲಗಿದ ಕಾಲ ಅದು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಲವರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದವರೇ. ಮೇಲಕ್ಕೆ ಹತ್ತಿದವರ ಹೆಸರು ನಮಗೆ ಗೊತ್ತು. ಕೆಳಗೇ ಉಳಿದವರದು ಗೊತ್ತಿಲ್ಲ. ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು ಕಾನೂನು ನಿಷೇಧಿಸಿದ್ದು 2006ರಲ್ಲಿ.

ಆದರೂ ಈ ಪದ್ಧತಿಯಲ್ಲಿ ನಮ್ಮ ಪ್ರಶ್ನೆಗೆ ಸಂಬಂಧಪಟ್ಟ ಒಂದು ಪಾಠವಿದೆ. ಹೀಗೆ ಮೇಲೆ ಬಂದವನು ಧಣಿಯ ತಿಂಡಿಯ ಪಟ್ಟಿಯನ್ನು ಮಾತ್ರ ನಕಲು ಮಾಡುತ್ತಿರಲಿಲ್ಲ. ಯಾವ ಹೊತ್ತಿಗೆ ಎಷ್ಟು ಹಿಟ್ಟು ಬೇಕು, ಹಾಲು ಎಲ್ಲಿ ಸೋರುತ್ತದೆ, ಗಿರಾಕಿ ಯಾವುದಕ್ಕೆ ರೇಗುತ್ತಾನೆ ಎಂಬುದೆಲ್ಲ ಅವನಿಗೆ ಮೈಗತವಾಗಿತ್ತು. ಧಣಿಯ ತಪ್ಪುಗಳೂ ಅವನಿಗೆ ಗೊತ್ತಿದ್ದವು. ಎದುರು ಅಂಗಡಿಯ ಬೋರ್ಡನ್ನು ನೋಡಿ ಹೋಟೆಲು ತೆರೆದವನಿಗೂ, ಅದೇ ಅಂಗಡಿಯಲ್ಲಿ ಎಂಟು ವರ್ಷ ದುಡಿದು ತೆರೆದವನಿಗೂ ಇರುವ ಭೇದ ಇಷ್ಟೆ: ಮೊದಲನೆಯವನು ಕಂಡದ್ದು ಲಾಭವನ್ನು, ಎರಡನೆಯವನು ಕಂಡದ್ದು ಕೆಲಸವನ್ನು.

ಕುರ್ಚಿ ತೆಗೆದಾಗ

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ‘ಕೆಫೆ ದರ್ಶಿನಿ’ ಆರಂಭಿಸಿದಾಗ ಅಲ್ಲಿದ್ದುದೂ ಇಡ್ಲಿ, ವಡೆ, ಕಾಫಿಗಳೇ. ಮಾದರಿಯೂ ಎರವಲಿನದೇ, ಹೊರದೇಶಗಳ ಫಾಸ್ಟ್‌ಫುಡ್ ಮಳಿಗೆಗಳದು. ಬದಲಾಯಿಸಿದ್ದು ಏರ್ಪಾಡನ್ನು. ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು, ಕೌಂಟರಿನಲ್ಲಿ ತಟ್ಟೆಯನ್ನು ತಾವೇ ತೆಗೆದುಕೊಳ್ಳಬೇಕು, ಎದೆಯೆತ್ತರದ ಮೇಜಿನ ಬಳಿ ನಿಂತು ತಿನ್ನಬೇಕು.

ಇದರ ಲೆಕ್ಕಾಚಾರ ಸುಲಭ. ಕುಳಿತವನು ಅರ್ಧ ಗಂಟೆ ಕುಳಿತರೆ ನಿಂತವನು ಹತ್ತು ನಿಮಿಷದಲ್ಲಿ ಹೊರಡುತ್ತಾನೆ ಎಂದಿಟ್ಟುಕೊಳ್ಳಿ. ಕುರ್ಚಿಗಳಿಲ್ಲದ ಕಾರಣ ಅದೇ ಜಾಗದಲ್ಲಿ ಎರಡು ಪಟ್ಟು ಜನ ಹಿಡಿಸಿದರೆ ಒಟ್ಟು ವ್ಯಾಪಾರ ಆರು ಪಟ್ಟಾಯಿತು. ಬಾಡಿಗೆ ಅಷ್ಟೇ, ಬಡಿಸುವವರ ಸಂಬಳ ಉಳಿಯಿತು. ಹೀಗೆ ಉಳಿದದ್ದರಲ್ಲಿ ಒಂದು ಪಾಲನ್ನು ಬೆಲೆಯಲ್ಲಿ ಇಳಿಸಿದರೆ ಆಫೀಸಿಗೆ ಓಡುವವನಿಗೆ ಹೊತ್ತೂ ಉಳಿಯಿತು, ದುಡ್ಡೂ ಉಳಿಯಿತು. ನೋಡನೋಡುತ್ತ ಈ ಪದ್ಧತಿ ಬೆಂಗಳೂರಿನ ಬಡಾವಣೆ ಬಡಾವಣೆಗೂ ಹಬ್ಬಿತು. ‘ದರ್ಶಿನಿ’ ಎಂಬುದು ಒಂದು ಅಂಗಡಿಯ ಹೆಸರಾಗಿ ಉಳಿಯದೆ ಒಂದು ಬಗೆಯ ಹೋಟೆಲಿಗೇ ಹೆಸರಾಯಿತು. ಇಲ್ಲಿಯೂ ಆರಂಭಿಸಿದವರು ಅದನ್ನು ಬಚ್ಚಿಡಲಿಲ್ಲ. ಇತರರು ದರ್ಶಿನಿ ತೆರೆಯಲು ಪ್ರಭಾಕರ್ ತಾವೇ ಸಲಹೆ ನೀಡಿ ನೆರವಾದರು.

ಈ ನಿಂತು ತಿನ್ನುವ ಮೇಜಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಒಂದು ಕಾಲದ ಹೋಟೆಲುಗಳ ಹೆಸರಿನಲ್ಲೇ ಜಾತಿಯಿತ್ತು. ಬ್ರಾಹ್ಮಣರಿಗೆ ಬೇರೆ ಜಾಗ, ಇತರರಿಗೆ ಬೇರೆ, ದಲಿತರಿಗೆ ಪ್ರವೇಶವೇ ಇಲ್ಲ ಎಂಬ ಹೋಟೆಲುಗಳು ಅನೇಕವಿದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಹೋಟೆಲುಗಳನ್ನು ಬಿಡಿಸಿ ಹೆಸರಿಸಿ, ಅಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಸಾರಬೇಕಾಯಿತು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಿಸುವ ಕಾಯ್ದೆ ಬಂತು. ಹಾಗಾಗಿ ಬಾಗಿಲು ತೆರೆಸಿದ ಕೀರ್ತಿ ಹೋಟೆಲಿನವರಿಗಲ್ಲ, ಕಾನೂನಿಗೆ ಮತ್ತು ಅದಕ್ಕಾಗಿ ಹೋರಾಡಿದವರಿಗೆ ಸಲ್ಲಬೇಕು. ಆದರೆ ಪಂಕ್ತಿಯೇ ಇಲ್ಲದ ಕಡೆ ಪಂಕ್ತಿಭೇದಕ್ಕೆ ಜಾಗವಿಲ್ಲ. ಚೀಟಿ ಹಿಡಿದು ಸರದಿಯಲ್ಲಿ ನಿಂತವರನ್ನು ಯಾರೂ ಕುಲ ಕೇಳುವುದಿಲ್ಲ. ವ್ಯಾಪಾರದ ಸಣ್ಣದೊಂದು ತಿದ್ದುಪಡಿ ಸಮಾಜದ ನಡವಳಿಕೆಗೂ ತಾಕುವುದು ಹೀಗೆ.

ಲಾಭವಿದ್ದಲ್ಲಿ ನಷ್ಟವೂ ಇದೆ. ಬಡಿಸುವವನ ಕೆಲಸ ಹೋಯಿತು. ಮೇಲೆ ಹೇಳಿದ ಏಣಿಯ ಒಂದು ಮೆಟ್ಟಿಲೇ ಮುರಿಯಿತು. ಮಂಡಿನೋವಿನ ಹಿರಿಯರು ನಿಂತು ತಿನ್ನಲಾರರು. ಒಂದು ಕಾಫಿಯನ್ನು ‘ಬೈಟು’ ಮಾಡಿಕೊಂಡು ಗಂಟೆಗಟ್ಟಲೆ ಹರಟುವ ಸುಖವೂ ಹೋಯಿತು.

ಬದಲಾಗದಿರುವುದೂ ಒಂದು ಜಾಣ್ಮೆ

ಹಾಗೆಂದು ಎಲ್ಲರೂ ಸದಾ ಏನಾದರೊಂದನ್ನು ಬದಲಿಸುತ್ತಲೇ ಇರಬೇಕೆ? ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಇದಕ್ಕೆ ಬೇರೊಂದು ಉತ್ತರ ಕೊಡುತ್ತದೆ. 1943ರಲ್ಲಿ ಆರಂಭವಾದ ಈ ಹೋಟೆಲಿನಲ್ಲಿ ಜನರನ್ನು ಸೆಳೆಯುವುದು ದಪ್ಪನೆಯ, ಗರಿಗರಿಯಾದ ಮಸಾಲೆ ದೋಸೆ. ಒಂದರ ಮೇಲೊಂದು ದೋಸೆಯ ತಟ್ಟೆಗಳನ್ನು ಕೈಯುದ್ದಕ್ಕೂ ಪೇರಿಸಿಕೊಂಡು ಬರುವ ಸಪ್ಲೈಯರನ್ನು ನೋಡಲೆಂದೇ ಬರುವವರಿದ್ದಾರೆ. ಅಲ್ಲಿಗೆ ಬರುವವರು ಹೊಸದನ್ನು ಕೇಳುವುದಿಲ್ಲ. ಅಜ್ಜ ತಿಂದ ದೋಸೆಯೇ ಮೊಮ್ಮಗನಿಗೂ ಬೇಕು. ಎಂಬತ್ತು ವರ್ಷ ಒಂದೇ ರುಚಿಯನ್ನು ಕಾಯ್ದುಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ಅಕ್ಕಿ ಬದಲಾಗುತ್ತದೆ, ಬೆಣ್ಣೆ ಬದಲಾಗುತ್ತದೆ, ಅಡುಗೆಯವರು ಬದಲಾಗುತ್ತಾರೆ.

ಕಣ್ಣಿಗೆ ಬೀಳದ ಸುಧಾರಣೆಗಳೂ ಇವೆ. 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ರೂಪುಗೊಂಡ ವೆಟ್ ಗ್ರೈಂಡರ್ ಇಡ್ಲಿಯ ರೂಪವನ್ನಾಗಲಿ ಹೆಸರನ್ನಾಗಲಿ ಬದಲಿಸಲಿಲ್ಲ. ಆದರೆ ನಸುಕಿನಲ್ಲಿ ಒರಳಿನ ಮುಂದೆ ಕುಳಿತು ಮಣಗಟ್ಟಲೆ ಹಿಟ್ಟು ರುಬ್ಬುತ್ತಿದ್ದವರ ರಟ್ಟೆಗಳಿಗೆ ಬಿಡುವು ಕೊಟ್ಟಿತು. ಇನ್ನು 2005ರಲ್ಲಿ ಬೆಂಗಳೂರಿನಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ‘ಐಡಿ ಫ್ರೆಶ್’ ಆರಂಭಿಸಿದಾಗ ರುಬ್ಬಿದ ಹಿಟ್ಟು ಹೊಸ ಸರಕೇನೂ ಆಗಿರಲಿಲ್ಲ. ಬೀದಿಬೀದಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ರಬ್ಬರ್ ಬ್ಯಾಂಡ್ ಸುತ್ತಿ ಅದನ್ನು ಮಾರುತ್ತಿದ್ದರು. ಹಿಟ್ಟು ಯಾವಾಗಿನದೋ, ನೀರು ಎಲ್ಲಿಯದೋ ಎಂಬ ಅನುಮಾನ ಕೊಳ್ಳುವವರಿಗೆ ಇದ್ದೇ ಇತ್ತು. ಆ ಅನುಮಾನವನ್ನು ಹೋಗಲಾಡಿಸಿದ್ದೇ ಅವರ ಉದ್ಯಮ. ಯುರೋಪಿನಿಂದ ಮರಳಿದ ಮಯ್ಯರು ಹೋಟೆಲಿನಲ್ಲಿ ಮಾಡಿದ್ದನ್ನೇ ಇವರು ಪೊಟ್ಟಣದಲ್ಲಿ ಮಾಡಿದರೆನ್ನಬಹುದು.

ಬೋರ್ಡಿನ ಮೇಲಿನ ಉಡುಪಿ

ಇಷ್ಟಾದರೂ ನಕಲಿನ ಬಗ್ಗೆ ಜನರಿಗಿರುವ ಅಸಮಾಧಾನ ಸುಳ್ಳಲ್ಲ. ‘ಉಡುಪಿ’ ಎಂಬ ಹೆಸರನ್ನೇ ನೋಡಿ. ಉಡುಪಿಯ ಸಮೀಪದ ಮಟ್ಟು ಗ್ರಾಮದಲ್ಲಿ ಬೆಳೆಯುವ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. ಬೇರೆ ಕಡೆಯ ಬದನೆಯನ್ನು ‘ಉಡುಪಿ ಮಟ್ಟು ಗುಳ್ಳ’ ಎಂದು ಮಾರುವಂತಿಲ್ಲ. ಆದರೆ ಉಡುಪಿಯ ಮುಖವನ್ನೇ ಕಾಣದವರೂ ‘ಉಡುಪಿ ಹೋಟೆಲು’ ಎಂದು ಬೋರ್ಡು ಹಾಕುವುದನ್ನು ದೇಶದ ಎಲ್ಲ ಕಡೆ ಕಾಣಬಹುದು. ಬದನೆಕಾಯಿಗೆ ಇರುವ ರಕ್ಷಣೆ ಆ ಅಡುಗೆಯವರ ಹೆಸರಿಗೆ ಇಲ್ಲ.

ಹೀಗೆ ಹೆಸರನ್ನು ಮಾತ್ರ ಎರವಲು ತಂದವನು ಹಿಂದಿನವರು ಗಳಿಸಿಟ್ಟ ನಂಬಿಕೆಯನ್ನು ಕರಗಿಸಿ ತಿನ್ನುತ್ತಾನೆ. ಹಸನು ಮಾಡಿದವನು ಅದಕ್ಕೆ ತನ್ನ ಪಾಲನ್ನೂ ಕೂಡಿಸುತ್ತಾನೆ. ಮಯ್ಯರು ಶುಚಿತ್ವವನ್ನು ಕೂಡಿಸಿದರು, ದರ್ಶಿನಿಯವರು ವೇಗವನ್ನೂ ಅಗ್ಗದ ಬೆಲೆಯನ್ನೂ ಕೂಡಿಸಿದರು. ಆದ್ದರಿಂದಲೇ ಅವರನ್ನು ನಕಲಿನವರೆಂದು ಯಾರೂ ಕರೆಯಲಿಲ್ಲ. ಏನನ್ನೂ ಕೂಡಿಸದವನಿಗೆ ಉಳಿಯುವ ಅಸ್ತ್ರ ಒಂದೇ, ಬೆಲೆ ಇಳಿಸುವುದು. ಎದುರಿನವನೂ ಇಳಿಸುತ್ತಾನೆ. ಕೊನೆಗೆ ಚಟ್ನಿಗೆ ನೀರು ಬೀಳುತ್ತದೆ, ಕಾಫಿಗೆ ಚಿಕೋರಿ ಹೆಚ್ಚುತ್ತದೆ, ಇಬ್ಬರ ಗಿರಾಕಿಗಳೂ ಮೂರನೆಯವನ ಬಳಿಗೆ ಹೋಗುತ್ತಾರೆ.

ಎಲ್ಲ ಉದ್ಯಮಗಳಿಗೂ ಈ ಮಾತು ಒಂದೇ ಅಳತೆಯಲ್ಲಿ ಹೊಂದುವುದಿಲ್ಲ. ಹೊಸ ಔಷಧವನ್ನೋ ಯಂತ್ರವನ್ನೋ ಕಂಡುಹಿಡಿದವರಿಗೆ ಪೇಟೆಂಟಿನ ರಕ್ಷಣೆ ಕೆಲವು ವರ್ಷಗಳ ಮಟ್ಟಿಗೆ ಸಿಗುತ್ತದೆ. ಅಲ್ಲಿ ಮೊದಲಿಗನಿಗೆ ಬೆಲೆ ಹೆಚ್ಚು. ಆದರೆ ನಮ್ಮಲ್ಲಿ ಸಾಲ ಮಾಡಿ ಸ್ವಂತ ದುಡಿಮೆಗೆ ಇಳಿಯುವ ಬಹುಪಾಲು ಜನ ಔಷಧ ಕಂಡುಹಿಡಿಯುವವರಲ್ಲ. ಅವರು ಇಡುವುದು ಹೋಟೆಲು, ಬೇಕರಿ, ಹೊಲಿಗೆ ಅಂಗಡಿ, ಗ್ಯಾರೇಜು, ಟ್ಯೂಷನ್ ಕ್ಲಾಸು. ಅವರಲ್ಲಿರುವ ಬಂಡವಾಳ ಅನೇಕ ವೇಳೆ ಅಪ್ಪನ ನಿವೃತ್ತಿಯ ಹಣ ಇಲ್ಲವೆ ಅಮ್ಮನ ಬಳೆ. ಇಂಥವರಿಗೆ ‘ಹೊಸದೇನಿದೆ?’ ಎಂದು ಕೇಳುವುದು ಅವರನ್ನು ಸುಮ್ಮನೆ ಬೆದರಿಸಿದಂತೆ.

ಅದರ ಬದಲು ಬೇರೆ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಈಗ ಇರುವ ಅಂಗಡಿಗಳಿಂದ ಗಿರಾಕಿಗೆ ಆಗುತ್ತಿರುವ ತೊಂದರೆ ಯಾವುದು? ಅದನ್ನು ನೀವು ದಿನವೂ, ಹಬ್ಬದ ದಿನವೂ ಮಳೆಯ ದಿನವೂ, ತಪ್ಪದೆ ನಿವಾರಿಸಬಲ್ಲಿರಾ? ನಿಮ್ಮ ಉಪಾಯವನ್ನು ಎದುರಿನವನು ಆರು ತಿಂಗಳಲ್ಲಿ ಕಲಿತುಕೊಂಡರೆ ಆಮೇಲೆ ಗಿರಾಕಿ ನಿಮ್ಮಲ್ಲಿಗೇ ಬರಲು ಕಾರಣವೇನು ಉಳಿದಿರುತ್ತದೆ? ಈ ಮೂರಕ್ಕೂ ನೇರವಾದ ಉತ್ತರವಿದ್ದರೆ ಹನ್ನೊಂದನೆಯ ಅಂಗಡಿಗೂ ಬೀದಿಯಲ್ಲಿ ಜಾಗವಿದೆ. ಉತ್ತರವಿಲ್ಲದಿದ್ದರೆ, ಊರಿಗೆ ಮೊದಲನೆಯದಾದರೂ ಆ ಅಂಗಡಿಯ ಮೇಲೆ ಅಮ್ಮನ ಬಳೆಗಳನ್ನು ಅಡವಿಡುವ ಮೊದಲು ಇನ್ನೊಮ್ಮೆ ಯೋಚಿಸುವುದು ಮೇಲು.